ಮೇಟಿ ಮತ್ತು ಕೇಂದ್ರ: ಕಾರ್ಯಸ್ಥಾನಗಳನ್ನು ಹೇಳುವ ಕನ್ನಡ ಶಬ್ದಗಳು

ಒಂದು ನಾಡಿನ ಜನರು ಯಾವ ಯಾವ ಕೆಲಸಗಳಿಗಾಗಿ ಒಂದೆಡೆ ಕೂಡುತ್ತಿದ್ದರು, ಕೂಡಿದಾಗ ಹೇಗೆ ನಡೆದುಕೊಳ್ಳುತ್ತಿದ್ದರು, ಯಾರನ್ನು ಒಳಗೆ ಕರೆದುಕೊಂಡರು, ಯಾರನ್ನು ಹೊರಗೆ ನಿಲ್ಲಿಸಿದರು ಎಂಬುದನ್ನು ತಿಳಿಯಬೇಕಾದರೆ ಆ ನಾಡಿನ ಸ್ಥಳವಾಚಕ ಶಬ್ದಗಳನ್ನು ಪರಿಶೀಲಿಸಬೇಕು. ಅರಸರ ದಾನಧರ್ಮಗಳೂ ಯುದ್ಧಗಳೂ ಶಾಸನಗಳಲ್ಲಿ ಉಳಿದಿವೆ. ದುಡಿಯುವ ಜನರ ಚರಿತ್ರೆ ಬಹುಮಟ್ಟಿಗೆ ಅವರ ಮಾತಿನಲ್ಲಿಯೇ ಉಳಿದಿದೆ. ಕಣ, ಕಟ್ಟೆ, ಸಂತೆ, ಪೇಟೆ, ಆಲೆಮನೆ, ಗರಡಿ, ಕಮ್ಮಟ, ಮಠ ಎಂಬ ಒಂದೊಂದು ಶಬ್ದವೂ ಒಂದೊಂದು ದುಡಿಮೆಯ ಗುರುತು.

ಇಂದು ನಾವು ಇವೆಲ್ಲವುಗಳಿಗೆ ಬದಲಾಗಿ ‘ಕೇಂದ್ರ’ ಎಂಬ ಒಂದೇ ಶಬ್ದವನ್ನು ಬಳಸುವ ರೂಢಿಗೆ ಬಂದಿದ್ದೇವೆ. ಆರೋಗ್ಯ ಕೇಂದ್ರ, ಖರೀದಿ ಕೇಂದ್ರ, ತರಬೇತಿ ಕೇಂದ್ರ, ಪರೀಕ್ಷಾ ಕೇಂದ್ರ, ಮಾಹಿತಿ ಕೇಂದ್ರ ಎಂದು ಫಲಕಗಳು ಎಲ್ಲೆಡೆ ಕಾಣುತ್ತವೆ. ಮಠಗಳು ನಡೆಸುವ ಶಾಲೆಗಳನ್ನೂ ಜನರು ‘ವಿದ್ಯಾಕೇಂದ್ರ’ವೆಂದು ಗೌರವದಿಂದ ಕರೆಯುತ್ತಾರೆ. ಆ ಹೆಸರಿಗೆ ನಾವು ಅರ್ಹರಾಗುವುದು ಯಾವುದರಿಂದ ಎಂಬ ಪ್ರಶ್ನೆಯನ್ನು ಶಬ್ದಗಳ ವಿವೇಚನೆಯ ಮೂಲಕವೇ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

1. ಕೇಂದ್ರ ಮತ್ತು ಮೇಟಿ

‘ಕೇಂದ್ರ’ವನ್ನು ನಾವು ಸಂಸ್ಕೃತ ಶಬ್ದವೆಂದೇ ಭಾವಿಸುತ್ತೇವೆ. ಸಂಸ್ಕೃತಕ್ಕೆ ಅದು ಗ್ರೀಕ್ ಭಾಷೆಯಿಂದ, ಜ್ಯೋತಿಶ್ಶಾಸ್ತ್ರದ ಮೂಲಕ ಬಂದುದು. ಗ್ರೀಕರಲ್ಲಿ ‘ಕೆಂಟ್ರಾನ್’ ಎಂದರೆ ಚುಚ್ಚುವ ಮೊನೆ. ಎತ್ತನ್ನು ತಿವಿಯುವ ಮುಳ್ಳುಗೋಲಿಗೂ ಅದೇ ಹೆಸರು. ವೃತ್ತವನ್ನು ಬರೆಯುವಾಗ ಕೈವಾರದ ಒಂದು ಕಾಲನ್ನು ಚುಚ್ಚಿ ನಿಲ್ಲಿಸುವ ಬಿಂದುವಿಗೂ ಆ ಶಬ್ದವೇ ಸಂದಿತು. ನಮ್ಮ ಜ್ಯೋತಿಷಿಗಳು ಜಾತಕದ 1, 4, 7 ಮತ್ತು 10ನೆಯ ಮನೆಗಳನ್ನು ಕೇಂದ್ರಸ್ಥಾನಗಳೆಂದು ಕರೆದರು. ಗಣಿತದಿಂದ ಅದು ಆಡಳಿತಕ್ಕೂ, ಆಡಳಿತದಿಂದ ಬೀದಿಯ ಫಲಕಕ್ಕೂ ಇಳಿದು ಬಂತು.

ಇದಕ್ಕೆ ಸಮನಾದ ಕಲ್ಪನೆ ಕನ್ನಡದ ಒಕ್ಕಲುತನದಲ್ಲಿ ಮೊದಲೇ ಇತ್ತು. ಕಣದ ನಟ್ಟನಡುವೆ ನೆಟ್ಟ ಕಂಬಕ್ಕೆ ‘ಮೇಟಿ’ ಎಂದು ಹೆಸರು. ಹರಡಿದ ತೆನೆಯ ಮೇಲೆ ಎತ್ತುಗಳ ಸಾಲು, ಅಂದರೆ ‘ಹಂತಿ’, ಈ ಕಂಬವನ್ನು ಸುತ್ತುತ್ತದೆ. ಸುತ್ತಿದಂತೆ ಕಾಳು ಉದುರುತ್ತದೆ. ಬೇಸಾಯಕ್ಕೆ ‘ಮೇಟಿವಿದ್ಯೆ’ ಎಂಬ ಹೆಸರು ಬಂದುದನ್ನು ನೆನೆದರೆ ಈ ಕಂಬಕ್ಕೆ ನಮ್ಮ ಹಿರಿಯರು ಕೊಟ್ಟ ಗೌರವ ಎಷ್ಟೆಂಬುದು ತಿಳಿಯುತ್ತದೆ.

ಕೈವಾರದ ಮೊನೆ, ಕಣದ ಮೇಟಿ ಇವೆರಡೂ ನಿಂತಲ್ಲಿಯೇ ನಿಲ್ಲುವ ವಸ್ತುಗಳು. ಆದರೆ ಕೈವಾರದ ಇನ್ನೊಂದು ಕಾಲು ತಿರುಗದಿದ್ದರೆ ಆ ಬಿಂದು ಕಾಗದದ ಮೇಲಿನ ಒಂದು ತೂತು ಮಾತ್ರ. ಹಂತಿ ತಿರುಗದಿದ್ದರೆ ಮೇಟಿಯೂ ಒಂದು ಮರದ ತುಂಡು. ಸುತ್ತಲೂ ನಡೆಯುವ ದುಡಿಮೆಯೇ ಒಂದು ಸ್ಥಳವನ್ನು ಕೇಂದ್ರವನ್ನಾಗಿ ಮಾಡುತ್ತದೆ. ಈ ತತ್ತ್ವವನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಕೆಲವು ಶಬ್ದಗಳನ್ನು ನೋಡೋಣ.

2. ಕಣ

ಕಣವೆಂದರೆ ಬರಿಯ ಬಯಲಲ್ಲ. ನೆಲವನ್ನು ಕೆತ್ತಿ, ನೀರು ಹಾಕಿ ತುಳಿದು, ಸಗಣಿಯಿಂದ ಸಾರಿಸಿ, ನಡುವೆ ಮೇಟಿಯನ್ನು ನೆಟ್ಟು ಪೂಜಿಸಿದ ಮೇಲೆ ಅದು ಕಣವಾಗುತ್ತದೆ. ತುಳಿಸುವುದು, ತೂರುವುದು, ರಾಶಿ ಮಾಡುವುದು, ಅಳೆಯುವುದು ಇವೆಲ್ಲವೂ ಅಲ್ಲಿಯ ಕ್ರಿಯೆಗಳು. ಉತ್ತರ ಕರ್ನಾಟಕದಲ್ಲಿ ರಾತ್ರಿಯೆಲ್ಲ ಹಂತಿ ಹೊಡೆಯುವವರ ನಿದ್ರೆಯನ್ನು ಕಳೆಯಲೆಂದು ಹುಟ್ಟಿದ ಹಾಡುಗಳು ‘ಹಂತಿಯ ಹಾಡು’ಗಳೆಂದು ಪ್ರಸಿದ್ಧವಾಗಿವೆ. ರಾಶಿಯನ್ನು ಅಳೆಯುವಾಗ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಕೆಯನ್ನು ಆರಂಭಿಸುವ ಪದ್ಧತಿಯೂ ಕಣದ್ದೇ.

ಕಣವು ಊರಿನ ಲೆಕ್ಕ ತೀರುವ ಸ್ಥಳವೂ ಆಗಿತ್ತು. ಬಡಗಿ, ಕಮ್ಮಾರ, ಕುಂಬಾರ, ಅಗಸ, ತಳವಾರ ಮೊದಲಾದ ಆಯಗಾರರು ವರ್ಷವಿಡೀ ಮಾಡಿದ ಕೆಲಸಕ್ಕೆ ‘ಆಯ’ವನ್ನು ಅಲ್ಲಿಯೇ ಪಡೆಯುತ್ತಿದ್ದರು. ಹಣವಿಲ್ಲದೆ ಊರು ನಡೆದುದು ಹೀಗೆ. ಆದರೆ ಎಲ್ಲರ ಪಾಲೂ ಒಂದೇ ಅಳತೆಯದಾಗಿರಲಿಲ್ಲವೆಂಬುದನ್ನೂ, ಕೆಲವರು ರಾಶಿಯ ಬಳಿಗೆ ಬರಲಾಗದೆ ದೂರ ನಿಂತೇ ಕೈಯೊಡ್ಡಬೇಕಾಗಿತ್ತೆಂಬುದನ್ನೂ ಇಂದಿನ ವಿದ್ಯಾರ್ಥಿಗೆ ಮರೆಮಾಚದೆ ಹೇಳಬೇಕು.

ಈಗ ಒಕ್ಕುವ ಯಂತ್ರಗಳು ಬಂದಿವೆ. ಅನೇಕ ಕಡೆ ತೆನೆಯನ್ನು ಡಾಂಬರು ರಸ್ತೆಯ ಮೇಲೆ ಹರಡಿ ವಾಹನಗಳ ಗಾಲಿಗೆ ಸಿಕ್ಕಿಸುವುದುಂಟು. ಹೀಗಾಗಿ ಕಣವನ್ನು ಕಣ್ಣಾರೆ ಕಾಣದ ಹುಡುಗನು ಆ ಶಬ್ದವನ್ನು ಮೊದಲು ಕೇಳುವುದು ‘ಚುನಾವಣಾ ಕಣ’ ಎಂಬ ಪತ್ರಿಕೆಯ ಮಾತಿನಲ್ಲಿ. ಅಲ್ಲಿ ಕಣವೆಂದರೆ ಸ್ಪರ್ಧೆ. ಹತ್ತಾರು ಕೈಗಳು ಕೂಡಿ ಕಾಳನ್ನು ಹೊಟ್ಟಿನಿಂದ ಬೇರ್ಪಡಿಸುವ ಅರ್ಥವು ಹಿಂದೆ ಸರಿದು, ಒಬ್ಬರನ್ನೊಬ್ಬರು ಸೋಲಿಸುವ ಅರ್ಥವು ಮುಂದೆ ಬಂದಿದೆ. ಶಬ್ದವು ಉಳಿಯಿತು, ಅದರ ದುಡಿಮೆ ಜಾರಿತು.

3. ಕಟ್ಟೆ

‘ಕಟ್ಟು’ ಎಂಬ ಒಂದೇ ಧಾತುವಿನಿಂದ ಕಟ್ಟೆ, ಕಟ್ಟಡ, ಕಟ್ಟಳೆ ಎಂಬ ಮೂರು ಶಬ್ದಗಳು ಹುಟ್ಟಿವೆ. ಕಟ್ಟೆ ಜನರು ಕೂಡುವ ಜಗಲಿ. ಕಟ್ಟಡ ಗೋಡೆ ಮಾಡುಗಳುಳ್ಳ ಮನೆ. ಕಟ್ಟಳೆ ಕೂಡಿದ ಜನರು ತಮಗೆ ತಾವೇ ಹಾಕಿಕೊಂಡ ನಿಯಮ. ಸಂಸ್ಥೆಯೊಂದಕ್ಕೆ ಈ ಮೂರೂ ಬೇಕು. ಕಟ್ಟಡ ಮಾತ್ರ ಇದ್ದು ಉಳಿದೆರಡು ಇಲ್ಲವಾದರೆ ಅದರ ಗತಿಯೇನೆಂಬುದನ್ನು ಊಹಿಸುವುದು ಕಷ್ಟವಲ್ಲ.

ನೀರಿಗೆ ಅಡ್ಡವಾಗಿ ಹಾಕಿದ ಒಡ್ಡೂ ಕಟ್ಟೆಯೇ. ಆದುದರಿಂದಲೇ ‘ಕೆರೆಕಟ್ಟೆ’ ಎಂಬ ಜೋಡುನುಡಿ. ಹರಿದುಹೋಗುವ ನೀರನ್ನು ನಿಲ್ಲಿಸುವಂತೆ, ಹಾದುಹೋಗುವ ಜನರನ್ನು ಅರಳಿಕಟ್ಟೆ ಒಂದು ಗಳಿಗೆ ನಿಲ್ಲಿಸುತ್ತದೆ. ನ್ಯಾಯ ತೀರ್ಮಾನ, ಮಳೆಬೆಳೆಯ ಸಮಾಲೋಚನೆ, ಪುರಾಣಶ್ರವಣ, ಬರಿಯ ಹರಟೆ ಎಲ್ಲವೂ ಅಲ್ಲಿಯೇ. ಬೆಂಗಳೂರಿನ ಪಶ್ಚಿಮದಲ್ಲಿರುವ ‘ಸುಂಕದಕಟ್ಟೆ’ ಎಂಬ ಹೆಸರು, ಸುಂಕ ವಸೂಲಿಗೂ ಕಟ್ಟೆಯೇ ನೆಲೆಯಾಗಿತ್ತೆಂಬುದನ್ನು ನೆನಪಿಗೆ ತರುತ್ತದೆ.

ಈ ಹಳೆಯ ಶಬ್ದವು ಪ್ರಜಾಪ್ರಭುತ್ವದ ಕಾಲದಲ್ಲಿ ‘ಮತಗಟ್ಟೆ’ಯಾಗಿ ಹೊಸ ಜನ್ಮವನ್ನು ಪಡೆದುದು ಗಮನಾರ್ಹ. ಮತ + ಕಟ್ಟೆ ಎಂಬಲ್ಲಿ ಕಕಾರಕ್ಕೆ ಗಕಾರವು ಆದೇಶವಾಗಿ ಬಂದಿದೆ. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಸೇರಿಸಿದ ಇಂಥ ಸಮಾಸವನ್ನು ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಅರಿಸಮಾಸವೆಂದು ಕರೆದು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೆ ಈ ಶಬ್ದವು ಜನರ ಬಾಯಲ್ಲಿ ಸಲೀಸಾಗಿ ನಿಂತಿದೆ. ಅದರ ಔಚಿತ್ಯವೂ ದೊಡ್ಡದು. ಊರಿನ ಕಟ್ಟೆಯ ಮೇಲೆ ಹಿಂದೆ ಎಲ್ಲರೂ ಕುಳಿತುಕೊಳ್ಳುವಂತಿರಲಿಲ್ಲ. ಹೆಂಗಸರಿಗೂ ದಲಿತರಿಗೂ ಅಲ್ಲಿ ಮಾತಿನ ಹಕ್ಕಿರಲಿಲ್ಲ. ಮತಗಟ್ಟೆಯಲ್ಲಿ ಎಲ್ಲರಿಗೂ ಒಂದೊಂದೇ ಮತ. ಹಳೆಯ ಶಬ್ದವು ತನ್ನ ಹಳೆಯ ದೋಷವನ್ನು ತೊಳೆದುಕೊಳ್ಳಬಲ್ಲುದೆಂಬುದಕ್ಕೆ ಇದು ನಿದರ್ಶನ.

4. ಸಂತೆ, ಪೇಟೆ, ಕೇರಿ

ಸಂತೆಗೆ ಸ್ಥಳಕ್ಕಿಂತ ದಿನವೇ ಮುಖ್ಯ. ಸೋಮವಾರದ ಸಂತೆ ಮಂಗಳವಾರ ಬೆಳಿಗ್ಗೆ ಬರಿಯ ಬಯಲು. ಕ್ರಿಯೆಯು ನಿಂತೊಡನೆ ಸ್ಥಳವೇ ಇಲ್ಲವಾಗುವ ಉದಾಹರಣೆಗೆ ಇದಕ್ಕಿಂತ ಒಳ್ಳೆಯ ಶಬ್ದ ಸಿಗಲಾರದು. ಆದರೂ ಸಂತೆಬೆನ್ನೂರು, ಸಂತೆಮರಹಳ್ಳಿ, ಸಂತೇಶಿವರ ಮುಂತಾದ ಊರುಗಳು ಅದನ್ನು ತಮ್ಮ ಹೆಸರಿನಲ್ಲಿ ಶಾಶ್ವತವಾಗಿ ಧರಿಸಿಕೊಂಡಿವೆ. ಅಕ್ಕಮಹಾದೇವಿಯ ವಚನವೊಂದರಲ್ಲಿ ಸಂತೆಯ ಗದ್ದಲವು ಲೋಕದ ನಿಂದಾಸ್ತುತಿಗಳ ನಡುವೆ ಸಮಾಧಾನದಿಂದ ಬಾಳುವುದಕ್ಕೆ ದೃಷ್ಟಾಂತವಾಗಿ ಬಂದಿರುವುದು ಓದುಗರಿಗೆ ತಿಳಿದೇ ಇದೆ.

ಪೇಟೆ ನಿತ್ಯದ ವ್ಯಾಪಾರಸ್ಥಾನ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಬೆಂಗಳೂರಿನ ಹಳೆಯ ಭಾಗದಲ್ಲಿ ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂಬ ಹೆಸರುಗಳಿವೆ. ಮೊದಲ ನಾಲ್ಕು ಹೆಸರುಗಳು ಮಾರುವ ಸರಕನ್ನೂ ಕೊನೆಯ ಎರಡು ಮಾಡುವ ಜನರನ್ನೂ ಹೇಳುತ್ತವೆ. ಹತ್ತಿಗೆ ಅರಳೆ ಎಂಬ ಹೆಸರುಂಟೆಂದು ತಿಳಿಯದವನಿಗೆ ಅರಳೇಪೇಟೆಯ ಅರ್ಥ ಹೊಳೆಯದು. ದಾವಣಗೆರೆಯ ಮಂಡಿಪೇಟೆ, ಮೈಸೂರಿನ ಸುಣ್ಣದಕೇರಿ, ಹುಬ್ಬಳ್ಳಿಯ ಮೇದಾರ ಓಣಿ ಮತ್ತು ಕಂಚಗಾರ ಗಲ್ಲಿಗಳಲ್ಲಿಯೂ ಕಸುಬೇ ವಿಳಾಸವಾಗಿದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕೆಲಸವು ಸ್ಥಳಕ್ಕೆ ಹೆಸರನ್ನು ಕೊಡುವುದು ಒಳ್ಳೆಯದೇ. ಆದರೆ ಆ ಸ್ಥಳವು ತಿರುಗಿ ಅಲ್ಲಿ ಹುಟ್ಟಿದವನಿಗೆ ಅದೇ ಕೆಲಸವನ್ನು ಕಟ್ಟಿಹಾಕಿದರೆ ಕೇರಿಯು ಬೇಲಿಯಾಗುತ್ತದೆ. ಊರ ಹೊರಗೆ ಇಡಲ್ಪಟ್ಟ ಕೇರಿಗಳ ಚರಿತ್ರೆ ಇದೇ ಆಗಿದೆ. ಹನ್ನೆರಡನೆಯ ಶತಮಾನದ ಶರಣರು ಈ ಕಗ್ಗಂಟನ್ನು ಬಿಡಿಸಲು ಯತ್ನಿಸಿದರು. ಅದನ್ನು ಮುಂದೆ ನೋಡೋಣ.

5. ಮನೆ, ಖಾನೆ, ತಾಣ

ಕನ್ನಡದಲ್ಲಿ ‘ಮನೆ’ಯೆಂಬುದು ವಾಸದ ಸ್ಥಳ ಮಾತ್ರವಲ್ಲ. ಕಬ್ಬನ್ನು ಅರೆದು ಬೆಲ್ಲ ತೆಗೆಯುವ ಆಲೆಮನೆಯಲ್ಲಿ ಯಾರ ಸಂಸಾರವೂ ಇರುವುದಿಲ್ಲ. ಅಲ್ಲಿರುವುದು ಆಲೆ, ಒಲೆ ಮತ್ತು ಕೊಪ್ಪರಿಗೆ. ದಾರಿಹೋಕರಿಗೆ ಕಬ್ಬಿನ ಹಾಲನ್ನು ಕೊಟ್ಟು ಕಳಿಸುವ ಸಂಪ್ರದಾಯವು ಅದನ್ನು ನಿಜವಾಗಿಯೂ ಮನೆಯನ್ನಾಗಿ ಮಾಡಿತು. ಗರಡಿಮನೆಯೂ ಅಂಥದೇ. ಕೆಂಪುಮಣ್ಣಿನ ಅಖಾಡ, ಕಲ್ಲುಗುಂಡು, ಗದೆ, ಉಸ್ತಾದರ ಕಣ್ಣು ಇವು ಕೂಡಿದರೆ ಗರಡಿ. ತುಳುನಾಡಿನಲ್ಲಿ ಇದೇ ಶಬ್ದವು ಕೋಟಿ ಚೆನ್ನಯರೆಂಬ ಅವಳಿ ವೀರರನ್ನು ಆರಾಧಿಸುವ ಗುಡಿಗೆ ಸಲ್ಲುತ್ತದೆ.

ಪಾರಸಿಯ ‘ಖಾನೆ’ಯೂ ನಮ್ಮ ‘ಮನೆ’ಯಂತೆಯೇ ಕೆಲಸದ ಹೆಸರಿಗೆ ಅಂಟಿಕೊಳ್ಳುತ್ತದೆ. ಕಾರ್ ಎಂದರೆ ಕೆಲಸ. ಕಾರ್ಖಾನೆ ಎಂದರೆ ಕೆಲಸದ ಮನೆ. ದವಾಖಾನೆ, ತಾಲೀಮುಖಾನೆಗಳನ್ನು ಉತ್ತರ ಕರ್ನಾಟಕದ ಜನರು ತಮ್ಮವೆಂದೇ ಆಡುತ್ತಾರೆ. ಹಿಂದುಸ್ತಾನಿಯಿಂದ ಬಂದ ‘ಕಚೇರಿ’ಯು ಸರ್ಕಾರದ ಕಡತಗಳಿಗೂ ಸಂಗೀತಗಾರರ ಗಾಯನಕ್ಕೂ ಸಮಾನವಾಗಿ ನೆಲೆಯಾಗಿದೆ.

ಸಂಸ್ಕೃತದ ‘ಸ್ಥಾನ’ದ ಕಥೆ ಇನ್ನೂ ಸ್ವಾರಸ್ಯಕರ. ತತ್ಸಮವಾಗಿ ಅದು ಸ್ಥಾನವೇ ಆಗಿ ಉಳಿದು ಪದವಿ, ಗೌರವ ಎಂಬ ಅರ್ಥವನ್ನೂ ಪಡೆಯಿತು. ತದ್ಭವವಾಗಿ ‘ತಾಣ’ವಾಯಿತು. ಉತ್ತರದ ಭಾಷೆಗಳನ್ನು ಸುತ್ತಿಕೊಂಡು ಬಂದಾಗ ‘ಠಾಣೆ’ಯಾಗಿ ಪೊಲೀಸರಿಗೆ ಸೇರಿತು. ತಾಣವು ಬಹುಕಾಲ ಕಾವ್ಯದಲ್ಲಿ ಅಡಗಿದ್ದು, ಈಚೆಗೆ ಪ್ರವಾಸಿತಾಣ, ಜಾಲತಾಣ ಎಂಬ ಸಮಾಸಗಳಲ್ಲಿ ಹೊರಬಂದಿದೆ.

ಹಳೆಯ ಶಬ್ದವನ್ನು ಹೊಸ ಕೆಲಸಕ್ಕೆ ಹಚ್ಚಿದ ಇನ್ನೊಂದು ಒಳ್ಳೆಯ ಉದಾಹರಣೆ ‘ಕಮ್ಮಟ’. ಮೂಲದಲ್ಲಿ ಇದು ಟಂಕಸಾಲೆ, ನಾಣ್ಯಗಳನ್ನು ಅಚ್ಚುಹಾಕುವ ಸ್ಥಳ. ಇಂದು ಕಾವ್ಯ ಕಮ್ಮಟ, ಕಥಾ ಕಮ್ಮಟ, ನಾಟಕ ಕಮ್ಮಟಗಳು ನಡೆಯುತ್ತವೆ. ಲೋಹವನ್ನು ಕಾಯಿಸಿ, ತೂಗಿ, ಮುದ್ರೆಯೊತ್ತಿ ಚಲಾವಣೆಗೆ ಬಿಡುವ ಕ್ರಿಯೆಯು ಬರವಣಿಗೆಗೂ ಒಪ್ಪುವಂಥದೇ. ಆದರೆ ಕಮ್ಮಟದಿಂದ ಹೊರಬಿದ್ದ ನಾಣ್ಯದ ತೂಕಕ್ಕೆ ಅಲ್ಲಿ ದುಡಿದವರೇ ಹೊಣೆ ಎಂಬುದನ್ನೂ ಆ ಹೆಸರು ನೆನಪಿಸಬೇಕು.

6. ಮಠ, ಮಹಾಮನೆ, ಪ್ರಸಾದ ನಿಲಯ

ಈಗ ನಮ್ಮ ಮನೆಯ ಶಬ್ದಕ್ಕೆ ಬರೋಣ. ಮಠವೆಂದರೆ ಸನ್ಯಾಸಿಗಳ ವಾಸಸ್ಥಾನವೆಂಬುದು ರೂಢಿಯ ಅರ್ಥ. ಆದರೆ ಅಮರಕೋಶವು ಛಾತ್ರರೇ ಮೊದಲಾದವರು ವಾಸಿಸುವ ನಿಲಯವನ್ನು ಮಠವೆನ್ನುತ್ತದೆ. ಛಾತ್ರನೆಂದರೆ ವಿದ್ಯಾರ್ಥಿ. ಹೀಗೆ ಕೋಶಕಾರನ ಎಣಿಕೆಯಲ್ಲಿ ಮಠದಲ್ಲಿ ಮೊದಲ ಸ್ಥಾನ ವಿದ್ಯಾರ್ಥಿಗೇ ಸಂದಿದೆ.

ಇದಕ್ಕೆ ಕನ್ನಡ ನಾಡಿನ ಶಾಸನವೊಂದು ಅಪೂರ್ವವಾದ ಸಾಕ್ಷ್ಯವನ್ನು ಒದಗಿಸುತ್ತದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ, ಕೇದಾರೇಶ್ವರ ದೇವಾಲಯಕ್ಕೆ ಸೇರಿದಂತೆ, ಕಾಳಾಮುಖ ಶೈವರ ಕೋಡಿಯ ಮಠವಿತ್ತು. ಕಲ್ಯಾಣದಲ್ಲಿ ಬಿಜ್ಜಳನು ಆಳುತ್ತಿದ್ದ 1162ರ ಶಾಸನವು ಈ ಮಠವನ್ನು ವರ್ಣಿಸುವಾಗ ಅದರ ಗೋಡೆ ಗೋಪುರಗಳನ್ನು ಹೊಗಳುತ್ತ ನಿಲ್ಲುವುದಿಲ್ಲ. ಇದು ಇಂಥ ಕಾರ್ಯದ ಸ್ಥಳ, ಇದು ಇಂಥ ಕಾರ್ಯದ ಸ್ಥಳ ಎಂದು ಒಂದೊಂದಾಗಿ ಕ್ರಿಯೆಗಳನ್ನು ಎಣಿಸುತ್ತ ಹೋಗುತ್ತದೆ. ನಾಲ್ಕು ವೇದಗಳ ಅಧ್ಯಯನ, ಪಾಣಿನೀಯವೇ ಮೊದಲಾದ ವ್ಯಾಕರಣಗಳ ವ್ಯಾಖ್ಯಾನ, ಬೌದ್ಧವನ್ನೂ ಒಳಗೊಂಡ ದರ್ಶನಗಳ ವಿಚಾರ, ಪುರಾಣ ಕಾವ್ಯ ನಾಟಕಗಳ ಅಭ್ಯಾಸ. ಅಷ್ಟರಲ್ಲಿಯೇ ನಿಲ್ಲದೆ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನದಾನ, ರೋಗಿಗಳಿಗೆ ಚಿಕಿತ್ಸೆ, ಕಡೆಯಲ್ಲಿ ಸಕಲ ಜೀವಿಗಳಿಗೂ ಅಭಯ. ಸುಮಾರು 860 ವರ್ಷಗಳ ಹಿಂದೆಯೇ ನಮ್ಮ ನಾಡಿನವರು ಮಠವೆಂಬ ಶಬ್ದಕ್ಕೆ ಕೊಟ್ಟ ವ್ಯಾಖ್ಯೆ ಇದು. ಇದರಲ್ಲಿ ವಿದ್ಯೆ, ಅನ್ನ, ಔಷಧ, ಅಭಯ ಎಂಬ ನಾಲ್ಕೂ ಇವೆ. ಒಂದನ್ನು ತೆಗೆದರೂ ವ್ಯಾಖ್ಯೆ ಕುಂದುತ್ತದೆ.

ಅದೇ ಕಾಲದಲ್ಲಿ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆ ದಾಸೋಹದ ನೆಲೆಯಾಗಿತ್ತು. ‘ಮಹಾಮನೆ’ ಎಂಬುದೂ ವ್ಯಾಕರಣದ ದೃಷ್ಟಿಗೆ ಅರಿಸಮಾಸವೇ. ಮಹಾ ಸಂಸ್ಕೃತ, ಮನೆ ಕನ್ನಡ. ಮದುವೆ ಊಟಗಳಲ್ಲಿ ಬೇರೆಬೇರೆಯಾಗಿದ್ದ ಜನರನ್ನು ಒಂದುಗೂಡಿಸಿದವರ ಬಾಯಲ್ಲಿ ಬೇರೆಬೇರೆ ನುಡಿಗಳೂ ಒಂದುಗೂಡಿದುದು ಸಹಜವೇ. ಶರಣರು ಕೂಡಿ ಅನುಭಾವವನ್ನು ಚರ್ಚಿಸಿದ ಗೋಷ್ಠಿಗೆ ಅನುಭವ ಮಂಟಪವೆಂದು ಹೆಸರು. ಮಂಟಪಕ್ಕೆ ಕಂಬಗಳುಂಟು, ಸುತ್ತುಗೋಡೆಯಿಲ್ಲ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಇವರು ತಮ್ಮ ಕಾಯಕದ ಹೆಸರನ್ನು ಹೊತ್ತುಕೊಂಡೇ ಆ ಗೋಷ್ಠಿಗೆ ಬಂದರು. ಕಸುಬಿನ ಹೆಸರು ಉಳಿಯಿತು. ಕಸುಬಿನಿಂದ ಬಂದ ಮೇಲುಕೀಳು ಬಾಗಿಲ ಹೊರಗೆ ಉಳಿಯಿತು. ಕೇರಿಯೊಡ್ಡಿದ ಕಗ್ಗಂಟಿಗೆ ಶರಣರು ಕಂಡ ಉತ್ತರ ಇದೇ.

ಮುಂದಿನ ಶತಮಾನಗಳಲ್ಲಿ ಮಠವು ಊರಿನ ಪಾಠಶಾಲೆಗೂ ಹೆಸರಾಯಿತು. ಸರ್ಕಾರಿ ಶಾಲೆಗಳು ಬರುವ ಮುಂಚೆ ಹಳ್ಳಿಗಳಲ್ಲಿದ್ದ ‘ಕೂಲಿಮಠ’ಗಳಲ್ಲಿ ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿಯನ್ನು ಬಾಯಿಪಾಠ ಮಾಡಿಸಿ, ಕಡತದ ಮೇಲೆ ಬಳಪದಿಂದ ಲೆಕ್ಕ ಬರೆಸುತ್ತಿದ್ದರು. ಪೋಷಕರು ಕೊಡುವ ಕಾಳುಕಡಿಯೇ ಅವರ ಕೂಲಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಪರಂಪರೆಗೆ ಹೊಸ ಚೈತನ್ಯ ಬಂತು. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಸಂಗೀತವಿದ್ಯೆಯನ್ನು ಧಾರೆಯೆರೆದರು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮಿಗಳು (1907–2019) ಜಾತಿ ಮತಗಳನ್ನೆಣಿಸದೆ ಸಾವಿರಾರು ಬಡ ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನು ಕೊಟ್ಟು ತ್ರಿವಿಧ ದಾಸೋಹಿಗಳೆಂಬ ಕೀರ್ತಿಗೆ ಪಾತ್ರರಾದರು.

ಈ ಪರಂಪರೆಯು ಕನ್ನಡಕ್ಕೆ ಕೊಟ್ಟ ಒಂದು ಶಬ್ದವನ್ನು ಇಲ್ಲಿ ಹೇಳಲೇಬೇಕು. ಇಂಗ್ಲಿಷಿನವರು ಹಾಸ್ಟೆಲ್ ಎಂದುದನ್ನು ನಮ್ಮ ಮಠಗಳು ‘ಉಚಿತ ಪ್ರಸಾದ ನಿಲಯ’ ಎಂದವು. ತಂಗುವುದಕ್ಕಿಂತ ಉಣ್ಣುವುದಕ್ಕೆ, ಉಣ್ಣುವುದಕ್ಕಿಂತ ಪ್ರಸಾದವೆಂದು ಸ್ವೀಕರಿಸುವುದಕ್ಕೆ ಆ ಹೆಸರು ಪ್ರಾಶಸ್ತ್ಯವನ್ನು ಕೊಟ್ಟಿತು. ತಟ್ಟೆಯನ್ನು ಹಿಡಿದು ನಿಂತ ಬಡ ಹುಡುಗನು ತಾನು ಭಿಕ್ಷೆ ಬೇಡುತ್ತಿದ್ದೇನೆಂದು ಕುಗ್ಗದಂತೆ ಮಾಡಿದ ಶಬ್ದ ಅದು. ಸ್ವಾಮಿಗಳು ಜೋಳಿಗೆ ಹಿಡಿದು ಹಳ್ಳಿಹಳ್ಳಿ ಸುತ್ತಿ ತಂದ ಜೋಳ ರಾಗಿಗಳು ಆ ಶಬ್ದದ ಹಿಂದೆ ಇವೆ. ದಾನಿಗಳ ಕಾಣಿಕೆಯೂ ಆ ಜೋಳಿಗೆಯನ್ನೇ ಸೇರುತ್ತದೆ.

7. ತರಗತಿಯಲ್ಲಿ ಈ ಪಾಠ

ಅಧ್ಯಾಪಕ ಮಿತ್ರರು ಈ ವಿಷಯವನ್ನು ಪ್ರೌಢಶಾಲೆಯ ತರಗತಿಗಳಲ್ಲಿ ಎರಡು ಮೂರು ಅವಧಿಗಳ ಪಾಠವನ್ನಾಗಿ ಮಾಡಬಹುದು. ಅದಕ್ಕೆ ಕೆಲವು ಸೂಚನೆಗಳು:

(ಅ) ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಹಿರಿಯರನ್ನು ಕೇಳಿ, ಜನರು ಕೆಲಸಕ್ಕಾಗಿ ಕೂಡುವ ಸ್ಥಳಗಳ ಹತ್ತು ಹೆಸರುಗಳನ್ನು ಬರೆದು ತರಲಿ. ಊರಿಂದೂರಿಗೆ ಹೆಸರು ಬೇರೆಯಾಗುವುದನ್ನು ಗುರುತಿಸಲಿ.

(ಆ) ಆ ಹೆಸರುಗಳನ್ನು ದೇಶ್ಯ, ತತ್ಸಮ, ತದ್ಭವ, ಅನ್ಯದೇಶ್ಯ ಎಂದು ವಿಂಗಡಿಸಲಿ. ಮತಗಟ್ಟೆ, ಕುಂಬಾರಗೇರಿಗಳಂಥ ಪದಗಳಲ್ಲಿ ಸಂಧಿಯನ್ನು ಬಿಡಿಸಲಿ.

(ಇ) ಒಂದೊಂದು ಸ್ಥಳಕ್ಕೂ ಅಲ್ಲಿ ಬಳಕೆಯಾಗುವ ಕ್ರಿಯಾಪದಗಳನ್ನು ಜೋಡಿಸಲಿ. ಕಣ ಎಂದರೆ ಒಕ್ಕು, ತೂರು, ಅಳೆ. ಆಲೆಮನೆ ಎಂದರೆ ಅರೆ, ಕಾಯಿಸು, ಅಚ್ಚಿಗೆ ಹೊಯ್ಯಿ. ಕ್ರಿಯಾಪದ ತಿಳಿಯದವನಿಗೆ ಸ್ಥಳದ ಹೆಸರು ತಿಳಿದಿದ್ದರೂ ಫಲವಿಲ್ಲ.

(ಈ) ಸಾಧ್ಯವಾದೆಡೆ ಒಂದು ಸ್ಥಳಕ್ಕೆ ಮಕ್ಕಳನ್ನು ಕರೆದೊಯ್ದು ತೋರಿಸಬೇಕು.

(ಉ) ಕಡೆಯದಾಗಿ, ಆ ಸ್ಥಳಕ್ಕೆ ಹಿಂದೆ ಯಾರಿಗೆ ಪ್ರವೇಶವಿರಲಿಲ್ಲ, ಇಂದು ಇದೆಯೇ ಎಂಬ ಪ್ರಶ್ನೆಯನ್ನು ಕೇಳಬೇಕು. ಶಬ್ದಾರ್ಥದ ಪಾಠವು ನಾಗರಿಕ ಜೀವನದ ಪಾಠವಾಗುವುದು ಆಗಲೇ.

ಉಪಸಂಹಾರ

‘ಪಾಠಶಾಲೆ’ಯಲ್ಲಿ ‘ಶಾಲೆ’ ಎಂದರೆ ಚಾವಡಿ ಮಾತ್ರ. ಪಾಕಶಾಲೆ, ಗೋಶಾಲೆ, ಟಂಕಸಾಲೆಗಳಲ್ಲಿರುವುದೂ ಅದೇ. ಕೆಲಸವನ್ನು ಹೇಳುವ ಮೊದಲ ಪದವಾದ ‘ಪಾಠ’ವು ಬಳಕೆಯಲ್ಲಿ ಉದುರಿಹೋಗಿ ‘ಶಾಲೆ’ಯಷ್ಟೇ ಉಳಿದಿದೆ. ನುಡಿಯಲ್ಲಿ ಆದ ಈ ಸವೆತವು ನಡೆಯಲ್ಲಿಯೂ ಆಗದಂತೆ ನೋಡಿಕೊಳ್ಳಬೇಕಾಗಿದೆ. ಹೊಸ ಕೊಠಡಿಗಳು ಏಳುತ್ತಿರುವಾಗಲೇ ಮಕ್ಕಳಿಲ್ಲದೆ ಕನ್ನಡ ಶಾಲೆಗಳು ಮುಚ್ಚುತ್ತಿರುವ ಕಾಲ ಇದು. ಪುಸ್ತಕಗಳಿದ್ದೂ ಬೀಗ ತೆರೆಯದ ವಾಚನಾಲಯ, ಉಪಕರಣಗಳಿದ್ದೂ ಧೂಳು ಹಿಡಿದ ಪ್ರಯೋಗಶಾಲೆ ಇವು ಎಲ್ಲಿ ಇದ್ದರೂ ಹಂತಿಯಿಲ್ಲದ ಮೇಟಿಗಳೇ ಸರಿ.

ಆದುದರಿಂದ ದಾನಿಗಳಲ್ಲಿ ಒಂದು ವಿನಂತಿ. ಕಟ್ಟಡಕ್ಕೆ ಕೊಟ್ಟ ಕೈಯೇ ಅದರೊಳಗೆ ನಡೆಯಬೇಕಾದ ಕೆಲಸಕ್ಕೂ ನೆರವಾಗಲಿ. ಒಬ್ಬ ಬಡ ವಿದ್ಯಾರ್ಥಿನಿಯ ವರ್ಷದ ಓದು, ಗ್ರಂಥಾಲಯದ ಸಂಜೆಯ ದೀಪ, ಪ್ರಸಾದ ನಿಲಯದ ಒಂದು ದಿನದ ದಾಸೋಹ ಇವಕ್ಕೆ ಕಲ್ಲಿನ ಫಲಕವಿರದಿದ್ದರೂ ಸಂಸ್ಥೆ ನಡೆಯುವುದು ಇವುಗಳಿಂದಲೇ. ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆಯಾದರೂ ಬಂದು ತಾವು ಕಲಿತ ಕಸುಬನ್ನೋ ಶಾಸ್ತ್ರವನ್ನೋ ಇಂದಿನ ಮಕ್ಕಳಿಗೆ ಒಂದು ಗಂಟೆ ಹೇಳಿಕೊಡಲಿ. ಅಧ್ಯಾಪಕರಂತೂ ದಿನದಿನವೂ ಆ ಹಂತಿಯನ್ನು ನಡೆಸುವವರೇ.

ಮೇಟಿ ಗಟ್ಟಿಯಾಗಿ ನಿಂತಿದೆ. ಹಿರಿಯರು ಅದನ್ನು ಆಳವಾಗಿ ನೆಟ್ಟು ಹೋಗಿದ್ದಾರೆ. ಅದರ ಸುತ್ತ ದುಡಿಮೆ ನಿಲ್ಲದಿರಲಿ, ರಾಶಿಯು ಹುಲುಸಾಗಲಿ, ಪಾಲು ಕೇಳಲು ಬಂದ ಯಾವ ಮಗುವೂ ದೂರ ನಿಲ್ಲದಿರಲಿ ಎಂದು ಹಾರೈಸೋಣ.